ಮಾವನ ನಾಟಕಕ್ಕೊಂದು ಪ್ರೊಸೆಸರ್

ನಮ್ಮ ಮಾವನವರ ಕಿವಿ ಒಮ್ಮೆಗೇ ಹೋಗಲಿಲ್ಲ. ಮೊದಲು ಫೋನಿನ ರಿಂಗು ಕೇಳಿಸದಾಯಿತು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ನಾವು. ಕಿವಿಗೆ ಹಾಕುವ ಮಿಷನ್ ತಂದುಕೊಟ್ಟರೆ ಎರಡು ದಿನ ಹಾಕಿಕೊಂಡು, "ಮಿಕ್ಸಿ ತಲೆಯೊಳಗೇ ತಿರುಗಿದಂಗಾಗ್ತೈತೆ" ಎಂದು ತೆಗೆದು ಕನ್ನಡಕದ ಡಬ್ಬಿಯಲ್ಲಿಟ್ಟರು. ಅವರಿಗೇನೂ ಬೇಜಾರಾದಂತೆ ಕಾಣಲಿಲ್ಲ. ಬೇಜಾರಾದದ್ದು ನನಗೆ, ಅದೂ ಒಂದು ಸಣ್ಣ ವಿಷಯಕ್ಕೆ. ಟಿವಿಯಲ್ಲಿ ಏನಾದರೂ ತಮಾಷೆ ಬಂದು ಮನೆಯವರೆಲ್ಲ ನಕ್ಕರೆ ಮಾವ ನಮ್ಮ ಮುಖ ನೋಡುತ್ತಿದ್ದರು, ನೋಡಿದ ಮೇಲೆ ನಗುತ್ತಿದ್ದರು. ನಮ್ಮ ನಗು ಮುಗಿಯುವ ಹೊತ್ತಿಗೆ ಅವರದು ಶುರುವಾಗುತ್ತಿತ್ತು. ಹೀಗೆ ಒಂದು ವರ್ಷ ನಡೆಯಿತು. ಆಮೇಲೆ ಅವರು ಪಡಸಾಲೆಯಲ್ಲಿ ಕೂರುವುದನ್ನೇ ಬಿಟ್ಟು, ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತರು.

ನಗಿಸುವುದೇ ಅವರ ಕಸುಬಾಗಿತ್ತು ಎಂದರೆ ಸುಳ್ಳು. ಕಸುಬು ಶ್ರೀರಾಂಪುರದ ಹತ್ತಿರದ ಊರಿನಲ್ಲಿ ಬೇಸಾಯ. ಆದರೆ ಆ ಊರಿನ ಗಂಡಸರು ಕಟ್ಟಿಕೊಂಡಿದ್ದ ನಾಟಕದ ತಂಡದಲ್ಲಿ ಹಾಸ್ಯದ ಪಾತ್ರ ಯಾವಾಗಲೂ ಮಾವನವರದೇ. ಗೌಡರ ಆಳಿನ ವೇಷ ಹಾಕಿ ರಂಗದ ಮೇಲೆ ಕಾಲಿಟ್ಟರೆ ಸಾಕು, ಮಾತಾಡುವ ಮೊದಲೇ ಹೆಂಗಸರು ಸೆರಗು ಬಾಯಿಗೆ ಹಿಡಿಯುತ್ತಿದ್ದರಂತೆ. ಬರೆದ ಮಾತು ಅರ್ಧ, ಅಲ್ಲೇ ಹುಟ್ಟಿಸಿದ ಮಾತು ಅರ್ಧ. ಅಂಥ ಮನುಷ್ಯ ನಗುವುದಕ್ಕೆ ಸೊಸೆಯ ಮುಖ ನೋಡಬೇಕಾಯಿತಲ್ಲ ಎಂದು ನನಗೆ ಸಂಕಟವಾಗುತ್ತಿತ್ತು.

ತಂಡ ಚದುರಿ ಎಷ್ಟೋ ಕಾಲವಾದ ಮೇಲೆ, ಐದಾರು ವರ್ಷದ ಹಿಂದೆ, ಹಳಬರೆಲ್ಲ ಸೇರಿ ಒಂದೇ ಒಂದು ಸಲ ಅದೇ ನಾಟಕವನ್ನು ಊರಿನ ಶಾಲೆಯ ಮುಂದೆ ಮತ್ತೆ ಆಡಿದರು. ನನ್ನ ಗಂಡ, ಹೈಸ್ಕೂಲಿನಲ್ಲಿ ಗಣಿತ ಹೇಳುವವರು, ಮದುವೆ ವಿಡಿಯೋ ತೆಗೆಯುವವರೊಬ್ಬರನ್ನು ಕರೆಸಿ ಪೂರ್ತಿ ನಾಟಕ ತೆಗೆಸಿದರು. ಹೊಸ ಕ್ಯಾಮೆರಾ, ಭಾರೀ ಚಿತ್ರ. ಮಾವನ ಮೀಸೆಗೆ ಬಳಿದ ಕಾಡಿಗೆ ಬೆವರಿನಲ್ಲಿ ಇಳಿಯುವುದೂ ಕಾಣುತ್ತದೆ. ಆದರೆ ಆತ ಮದುವೆ ಸೀಸನ್ನು, ಗೃಹಪ್ರವೇಶದ ಸೀಸನ್ನು ಎಂದು ನೆಪ ಹೇಳುತ್ತಾ ವಿಡಿಯೋ ಕೈಗೆ ಕೊಡುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು, ಮಾವನ ಕಿವಿಯೂ ಹೋಗಿತ್ತು. ಒಂದು ದಿನ ಹಾಕಿ ತೋರಿಸಿದೆವು. ಹತ್ತು ನಿಮಿಷ ನೋಡಿದರು. "ಎಲ್ಲಾ ಮೀನಿನಂಗೆ ಬಾಯಿ ಆಡಿಸ್ತಾವ್ರೆ" ಎಂದು ಎದ್ದುಹೋದರು. ಜೀವಮಾನವಿಡೀ ಆಡಿದ ನಾಟಕಗಳಲ್ಲಿ ವಿಡಿಯೋ ಆಗಿದ್ದು ಅದೊಂದೇ, ಅದನ್ನೂ ಅವರು ನೋಡಲಿಲ್ಲ.

ನಾನು ಹೊಸದುರ್ಗದಲ್ಲಿ, ಈಗ ನಾವೆಲ್ಲ ಇರುವ ಮನೆಗೆ ಹೊಂದಿಕೊಂಡಂತೆಯೇ, ಒಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ಅರ್ಜಿ, ಸಂಘದ ವರದಿ, ಏನು ಕೊಟ್ಟರೂ ಟೈಪು ಮಾಡುತ್ತೇನೆ. ಹಾಗಿರುವಾಗ ಮಾವನ ನಾಟಕವನ್ನು ಟೈಪು ಮಾಡುವುದಕ್ಕೇನು ಕಷ್ಟ? ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಗಿರಾಕಿಗಳ ನಡುವೆ, ಒಂದೊಂದೇ ಮಾತು ಕೇಳಿ ಸಬ್‌ಟೈಟಲ್ ಬರೆಯತೊಡಗಿದೆ. ಆಧಾರ್ ಕಾರ್ಡು ಜೆರಾಕ್ಸಿಗೆ ಬಂದವರು ನಾನು ಒಬ್ಬಳೇ ನಗುವುದನ್ನು ನೋಡಿ ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದರು. ಎರಡು ತಿಂಗಳಲ್ಲಿ ಮುಗಿಯಿತು. ಪೆನ್‌ಡ್ರೈವಿಗೆ ಹಾಕಿ ಟಿವಿಗೆ ಚುಚ್ಚಿದರೆ ಚಿತ್ರದ ಕೆಳಗೆ ಸಾಲುಸಾಲಾಗಿ ಖಾಲಿ ಚೌಕಗಳು ಬಂದವು. ನಮ್ಮ ಟಿವಿಗೆ ಕನ್ನಡ ಓದಲು ಬರುವುದಿಲ್ಲ!

ಅಂದರೆ ಅಕ್ಷರಗಳನ್ನು ಕಂಪ್ಯೂಟರೇ ಚಿತ್ರದ ಮೇಲೆ ಅಚ್ಚೊತ್ತಿ ಕಳಿಸಬೇಕು. ಅದನ್ನೂ ಮಾಡಿದೆ. ಅಂಗಡಿಯ ಹಳೆಯ ಕಂಪ್ಯೂಟರು ಮೂರು ಗಂಟೆಯ ನಾಟಕಕ್ಕೆ ಅಕ್ಷರ ಅಚ್ಚೊತ್ತಲು ಬೆಳಗಿನಿಂದ ಸಂಜೆಯವರೆಗೆ ಬಿಸಿಯುಸಿರು ಬಿಟ್ಟಿತು. ಅಷ್ಟರಲ್ಲಿ ನಾನೊಂದು ತಪ್ಪು ಮಾಡಿದ್ದೆ. ಅಂಗಡಿಯ ಅಭ್ಯಾಸಬಲದಿಂದ, ಒಂದು ದೃಶ್ಯದ ಎರಡು ಹಾಳೆ ಬಿಟ್ಟು ಮಿಕ್ಕ ಮಾತುಗಳನ್ನೆಲ್ಲ ಪ್ರಿಂಟು ತೆಗೆದು, ಮಾವನ ಕೈಗೆ ಕೆಂಪು ಪೆನ್ನು ಕೊಟ್ಟು, ಪ್ರೂಫ್ ನೋಡಿ ಎಂದಿದ್ದೆ.

ಪ್ರೂಫ್ ಎನ್ನುವುದಕ್ಕೆ ಕೊನೆಯಿಲ್ಲ ಎಂದು ಲಗ್ನಪತ್ರಿಕೆ ಮಾಡುವವರಿಗೆ ಗೊತ್ತು. ಚಿಕ್ಕಪ್ಪನ ಹೆಸರು ಮೇಲೆ ಹೋಗಬೇಕು, ಸೋದರತ್ತೆಯ ಹೆಸರು ಬಿಟ್ಟುಹೋಯಿತು, ಹೀಗೇ. ಮಾವ ಅವರೆಲ್ಲರನ್ನೂ ಮೀರಿಸಿದರು. ದಿನ ಬೆಳಗಾದರೆ ಅಂಗಡಿಗೆ ಬಂದು ಕಾಗದ ಚಾಚುತ್ತಿದ್ದರು. "ಅವ್ವಾ, ನಾನು ಇಲ್ಲಿ 'ಬರ್ತೀನಿ' ಅಂದಿಲ್ಲ, 'ಬಂದೆ ತಡೀರಿ' ಅಂದಿದ್ದು." ನಾನು ಹಾಳಾದ ಕಾಗದದ ಹಿಂಬದಿಯಲ್ಲಿ, ರೆಕಾರ್ಡಿನಲ್ಲಿ ಹೀಗೇ ಇದೆ ಎಂದು ಬರೆದು ತೋರಿಸಿದರೆ, "ರೆಕಾರ್ಡು ತಪ್ಪೈತೆ" ಎನ್ನುತ್ತಿದ್ದರು. ಜನ ನಕ್ಕ ಕಡೆಯಲ್ಲೆಲ್ಲ ನಾನು 'ಜನರ ನಗು' ಎಂದು ಹಾಕಿದ್ದೆ. ಅದರ ಪಕ್ಕದಲ್ಲೆಲ್ಲ ಕೆಂಪು ಗೀಟು. "ಎಷ್ಟು ಹೊತ್ತು ನಕ್ರು ಅಂತ ಬರೀ ಅವ್ವಾ, ಎಲ್ಲಾ ನಗೂನೂ ಒಂದೇನಾ?" ನಾನು ಮತ್ತೆ ಕೇಳಿ, 'ಜನರ ನಗು, ತುಂಬಾ ಹೊತ್ತು' ಎಂದು ತಿದ್ದಿದೆ. ಇಷ್ಟು ವರ್ಷದಲ್ಲಿ ಅವರು ನನ್ನ ಹತ್ತಿರ ಅಷ್ಟು ಮಾತಾಡಿದ್ದೇ ಇಲ್ಲ. ನನಗಂತೂ ಕುಣಿಯುವಷ್ಟು ಖುಷಿ. ಆದರೆ ಒಂದು ಒತ್ತು ತಿದ್ದಿದರೆ ಮತ್ತೆ ಬೆಳಗಿನಿಂದ ಸಂಜೆಯವರೆಗೆ ಅಚ್ಚೊತ್ತುವ ಕೆಲಸ. ಕಂಪ್ಯೂಟರು ಬೇರೆ ಯಾವ ಕೆಲಸಕ್ಕೂ ಸಿಗುತ್ತಿರಲಿಲ್ಲ.

ಆಗ ನನಗೆ ಹೋಮ್ ಮೀಡಿಯಾ ಸರ್ವರ್ ಎಂಬುದರ ಬಗ್ಗೆ ಗೊತ್ತಾಯಿತು. ಮನೆಯಲ್ಲೇ ಒಂದು ಕಂಪ್ಯೂಟರನ್ನು ಸದಾ ಚಾಲೂ ಇಡುವುದು. ಅದರಲ್ಲಿ ವಿಡಿಯೋ ಒಂದು ಕಡೆ, ಅಕ್ಷರ ಒಂದು ಕಡೆ. ಟಿವಿಯಿಂದ ಯಾರಾದರೂ ಕೇಳಿದಾಗ ಅದು ಆ ಕ್ಷಣದಲ್ಲೇ ಭಾರೀ ಚಿತ್ರವನ್ನು ಆ ಟಿವಿಗೆ ಒಗ್ಗುವಷ್ಟು ಹಗುರ ಮಾಡಿ, ಮೇಲೆ ಅಕ್ಷರ ಅಂಟಿಸಿ, ಬಡಿಸುತ್ತಾ ಹೋಗುತ್ತದೆ. ಇದಕ್ಕೆ ಟ್ರಾನ್ಸ್‌ಕೋಡಿಂಗ್ ಎನ್ನುತ್ತಾರೆ. ಮಾವ ಬೆಳಿಗ್ಗೆ ತಿದ್ದಿದ್ದು ಮಧ್ಯಾಹ್ನವೇ ಪರದೆಯ ಮೇಲೆ. ನನಗೆ ಬೇಕಾದದ್ದು ಇದೇ. ಇನ್ನು ಉಳಿದ ಪ್ರಶ್ನೆ, ಆ ಕಂಪ್ಯೂಟರಿಗೆ ಮಿದುಳಾಗಿ ಯಾವ ಪ್ರೊಸೆಸರ್ ಹಾಕಿಸುವುದು?

ಆ ಪ್ರಶ್ನೆ ನನ್ನನ್ನು ಮೂರು ವಾರ ತಿಂದುಹಾಕಿತು. ಹಿಡಿದದ್ದನ್ನು ಬಿಡುವ ಜಾತಿ ನನ್ನದಲ್ಲ. ಕೆಟ್ಟುಹೋದ ಲಗ್ನಪತ್ರಿಕೆಗಳ ಹಿಂದೆ ಪಟ್ಟಿ ಮಾಡಿದೆ: ಯಾವುದಕ್ಕೆ ಎಷ್ಟು ಕೋರು (ಒಟ್ಟಿಗೆ ದುಡಿಯುವ ಭಾಗಗಳು), ಎಷ್ಟು ವೇಗ, ಎಷ್ಟು ಕರೆಂಟು ಕುಡಿಯುತ್ತದೆ. ಸಾರಿಗೆ ಉಪ್ಪು ಹಾಕಿದ್ದು ನೆನಪಿರುತ್ತಿರಲಿಲ್ಲ, ಕೋರುಗಳ ಲೆಕ್ಕ ಬಾಯಿಗೆ ಬರುತ್ತಿತ್ತು. ನನ್ನ ಗಂಡ ಎರಡು ಸಲ ಉಪ್ಪಾದ ಸಾರು ಉಂಡು ಹೇಳಿದರು, "ನಿನ್ನ ನೋಡಾಕೆ ಬಂದಾಗ ನಮಗೆ ಅರ್ಧ ಗಂಟೆ ಸಾಕಾಗಿತ್ತು ಕಣೇ. ಇದಕ್ಕೇನು ಮೂರು ವಾರ?"

"ಅರ್ಧ ಗಂಟೇಲಿ ನೋಡಿದ್ದಕ್ಕೇ ಈಗ ಉಪ್ಪು ಸಾರು ಉಣ್ತಿದೀರಿ" ಎಂದೆ.

ಕೊನೆಗೆ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು, ಹದಿನಾರು ಕೋರಿದ್ದ ಒಂದನ್ನು ಆರಿಸಿ, ಸುತ್ತ ಕೆಂಪು ಗೀಟು ಹಾಕಿ, ಹೊಳಲ್ಕೆರೆ ಮೇಲೆ ಹೋಗುವ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋದೆ. ಅಲ್ಲಿ ನಾನು ಯಾವಾಗಲೂ ಪ್ರಿಂಟರಿನ ಇಂಕು ತರುವ ಅಂಗಡಿಯಿದೆ. ಅದರ ಯಜಮಾನರ ಅಜ್ಜ ರೇಡಿಯೋ ರಿಪೇರಿ ಮಾಡುತ್ತಿದ್ದರಂತೆ, ಅಪ್ಪ ಟಿವಿ, ಇವರು ಕಂಪ್ಯೂಟರು. ಮಾತಿನಲ್ಲಿ ಜೇನು, ವ್ಯಾಪಾರದಲ್ಲಿ ಮೊಂಡು. ನನ್ನ ಚೀಟಿ ನೋಡಿ ನಕ್ಕುಬಿಟ್ಟರು.

"ಕುಂತ್ಕಳ್ರಿ ಅಕ್ಕಾ, ಚಾ ಕುಡೀರಿ ಮೊದ್ಲು. ಇದನ್ನ ನಿಮಗೆ ಕೊಡಲ್ಲ ನಾನು."

"ಯಾಕಣ್ಣ, ಇಲ್ವಾ?"

"ಐತೆ. ಆದ್ರೂ ಕೊಡಲ್ಲ. ಇದ್ರೊಳಗೆ ಚಿತ್ರದ ಭಾಗಾನೇ ಇಲ್ಲ ಅಕ್ಕಾ. ಈ ಸಣ್ಣದು ತಗಳ್ರಿ."

ನನಗೆ ಸಿಟ್ಟು ನೆತ್ತಿಗೇರಿತು. ಮೂರು ವಾರ ಓದಿದವಳು ನಾನು. ಹೆಂಗಸು ಎಂದು ಸಣ್ಣದನ್ನು ಸಾಗಹಾಕುತ್ತಿದ್ದಾರೆ ಎಂದುಕೊಂಡೆ, ಬಾಯಿಬಿಟ್ಟು ಅಂದೂಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳದೆ ಎದುರಿನ ದರ್ಜಿ ಅಂಗಡಿ ತೋರಿಸಿದರು. "ನಿಮಗೆ ಒಂದು ಜುಬ್ಬ ಹೊಲಿಸ್ಬೇಕು ಅಂತಿಟ್ಕಳ್ರಿ. ಹದಿನಾರು ಆಳು ಕರೀತೀರೋ, ಒಬ್ಬ ದರ್ಜಿ ಕರೀತೀರೋ? ಈ ದೊಡ್ಡದು ಹದಿನಾರು ಆಳು. ಎಲ್ಲಾ ಕೆಲ್ಸಕ್ಕೂ ಗಟ್ಟಿಗ್ರೇ. ಆದ್ರೆ ವಿಡಿಯೋ ಬದಲ್ಸೋದೇ ಕೆಲ್ಸ ಅಂತ ಒಂದು ಪುಟ್ಟ ಭಾಗ ಇರ್ತದೆ ನೋಡ್ರಿ, ಅದು ಈ ಸಣ್ಣದ್ರಲ್ಲಿ ಐತೆ. ಅದೇ ದರ್ಜಿ."

ನಾನು ಒಪ್ಪಲಿಲ್ಲ. ಪೆನ್‌ಡ್ರೈವಿನಲ್ಲಿ ನಾಟಕ ತಂದಿದ್ದೆ, ಹಾಕಿ ತೋರಿಸಿ ಎಂದೆ. ಅವರು ಎರಡು ಕಂಪ್ಯೂಟರು ಅಕ್ಕಪಕ್ಕ ಇಟ್ಟು ಹಾಕಿದರು. ನಾನು ಆರಿಸಿದ್ದರಲ್ಲಿ ನಾಟಕವೇನೋ ಓಡಿತು, ಆದರೆ ಫ್ಯಾನು ರಾಗಿ ಮಿಷನ್ನಿನ ಹಾಗೆ ಕೂಗಿತು, ಹದಿನಾರೂ ಆಳುಗಳು ಏದುಸಿರು ಬಿಡುತ್ತಿದ್ದರು. ಸಣ್ಣದು ಸದ್ದೇ ಇಲ್ಲದೆ ಮಾವನನ್ನು ರಂಗದ ಮೇಲೆ ತಂದು ನಿಲ್ಲಿಸಿತು, ಕಾಲಡಿಯಲ್ಲಿ ದುಂಡು ದುಂಡಾದ ಕನ್ನಡ. ಅಂಗಡಿಗೆ ಬಂದಿದ್ದ ಗಿರಾಕಿಗಳು ಮೌಸು, ಕೇಬಲ್ಲು ಎಲ್ಲ ಮರೆತು ನಾಟಕ ನೋಡುತ್ತಾ ನಿಂತರು. ನಾನು ತಪ್ಪಾಯಿತು ಎಂದು ಯಜಮಾನರ ಮುಖಕ್ಕೇ ಹೇಳಿದೆ. ನನಗೆ ಅದು ಸುಲಭಕ್ಕೆ ಬರುವ ಮಾತಲ್ಲ.

"ಒಂದೇ ಸಲಕ್ಕೆ ಎಷ್ಟು ಟಿವೀಲಿ ನೋಡ್ತೀರಿ ಅಕ್ಕಾ?" ಎಂದು ಕೇಳಿದರು, ಕಟ್ಟಿಕೊಡುವಾಗ.

"ಒಂದರಲ್ಲೇ. ನೋಡೋರು ಒಬ್ಬರೇ, ನಮ್ಮ ಮಾವ" ಎಂದೆ.

ಅಲ್ಲೇ ನಾನು ಎಡವಿದ್ದು. ಮನೆಗೆ ಬಂದು ಎಲ್ಲ ಜೋಡಿಸಿ, ಬಿಳಿ ಹಾಳೆಯ ಮೇಲೆ ದಪ್ಪಕ್ಷರದಲ್ಲಿ, ನಾಟಕ ರೆಡಿ, ಒಳಗೆ ಬನ್ನಿ ಎಂದು ಬರೆದು ಕಟ್ಟೆಯ ಮೇಲಿದ್ದ ಮಾವನಿಗೆ ತೋರಿಸಿದೆ. ಅವರು ಓದಿದರು, ಹಾಳೆ ಮಡಚಿದರು.

"ಯಾರ್‍ಯಾರು ಬಂದವ್ರೆ?"

ಯಾರೂ ಇಲ್ಲ, ನೀವೇ ಎಂದು ಬೆರಳು ತೋರಿಸಿದೆ.

"ಒಬ್ನೇ ಕುಂತು ನೋಡಾಕೆ ಅದೇನು ಕನ್ನಡಿನಾ? ಆಡಿದ್ದು ಆರು ಜನ. ಅವ್ರು ನೋಡ್ದೆ ನಾನು ನೋಡಲ್ಲ."

ಒಬ್ಬರೇ ಕೂತು ಆಡುವ ನಾಟಕವಿಲ್ಲ, ಒಬ್ಬರೇ ಕೂತು ನೋಡುವುದೂ ಇಲ್ಲ. ಅವರ ತಂಡದ ಪದ್ಧತಿ ಅದು. ಯಾರಾದರೂ ಒಬ್ಬರಿಗೆ ಜ್ವರ ಬಂದರೆ ಅಭ್ಯಾಸವನ್ನೇ ನಿಲ್ಲಿಸುತ್ತಿದ್ದರಂತೆ. ನಾನು ಮೂರು ವಾರ ಪ್ರೊಸೆಸರ್ ಓದಿದೆ, ಮನೆಯಲ್ಲಿದ್ದ ಮನುಷ್ಯನನ್ನು ಓದಲಿಲ್ಲ. ಮಾವ ಬೆರಳು ಮಡಚಿ ಎಣಿಸಿದರು. ಗೌಡರ ಪಾತ್ರದವರು ಈಗ ಹಿರಿಯೂರಿನಲ್ಲಿ ಮಗಳ ಮನೆಯಲ್ಲಿ, ಹೆಣ್ಣು ವೇಷ ಹಾಕುತ್ತಿದ್ದವರು ಯಲ್ಲದಕೆರೆಯಲ್ಲಿ, ತಬಲಾದವರು ಧರ್ಮಪುರದಲ್ಲಿ ಶೇಂಗಾ ಬೆಳೆದುಕೊಂಡು, ಹಾರ್ಮೋನಿಯಂ ಮೇಷ್ಟ್ರು ಹೊಳಲ್ಕೆರೆಯಲ್ಲಿ, ನಾಯಕನ ಪಾತ್ರದವರು ಶ್ರೀರಾಂಪುರದಲ್ಲೇ. ಎಲ್ಲರೂ ಎಪ್ಪತ್ತು ದಾಟಿದವರು. ಒಂದೇ ಕಡೆ ಸೇರಿಸೋಣವೆಂದರೆ ಒಬ್ಬರಿಗೆ ಮಂಡಿ, ಒಬ್ಬರಿಗೆ ಬಸ್ಸು ಹತ್ತಿದರೆ ವಾಂತಿ. ಸರ್ವರ್ ಇರುವುದೇ ಇಂಟರ್ನೆಟ್ಟಿನಲ್ಲಿ ದೂರದವರಿಗೂ ಕಳಿಸುವುದಕ್ಕೆ, ಅವರವರ ಮನೆಯಲ್ಲೇ ನೋಡಲಿ ಎಂದು ಬರೆದು ತೋರಿಸಿದೆ. ಅಲ್ಲೊಂದು ತೊಡಕು. ಉಳಿದ ಐದು ಜನರಲ್ಲಿ ನಾಲ್ಕು ಜನರ ಕಿವಿ ಮಾವನ ಕಿವಿಯಂಥದ್ದೇ. ಎಲ್ಲರಿಗೂ ಅಕ್ಷರ ಬೇಕು, ಎಲ್ಲ ಟಿವಿಗೂ ಬೇರೆ ಬೇರೆಯಾಗಿ ಅಂಟಿಸಬೇಕು, ಅದೂ ಒಂದೇ ಹೊತ್ತಿಗೆ. ನಾನು ತಂದದ್ದು ಒಬ್ಬರಿಗೆಂದು ಆರಿಸಿದ ಪ್ರೊಸೆಸರು.

ಭಾನುವಾರ ಸಂಜೆ ನಾಲ್ಕಕ್ಕೆ ಎಂದು ಮಾವ ನನ್ನ ಕೈಯಿಂದ ಎಲ್ಲರಿಗೂ ಫೋನು ಮಾಡಿಸಿಬಿಟ್ಟರು. ಗುರುವಾರ ನಾನು ಪರೀಕ್ಷೆಗೆ ಕೂತೆ. ಮನೆಯ ಟಿವಿ, ನಮ್ಮಿಬ್ಬರ ಫೋನು, ಪಕ್ಕದ ಮನೆಯವರ ಫೋನು, ಜೆರಾಕ್ಸಿಗೆ ಬಂದ ಇಬ್ಬರು ಶಿಕ್ಷಕಿಯರ ಫೋನು, ಆರರಲ್ಲೂ ನಾಟಕ ಹಾಕಿದೆ. ಮೂರನೆಯದು ಶುರುವಾಗುತ್ತಲೇ ಎಲ್ಲವೂ ತಡವರಿಸಿ ನಿಂತವು. ಗೌಡರ ಕೈ ಮೇಲೆತ್ತಿದ್ದು ಮೇಲೆಯೇ ಉಳಿಯಿತು. ಮಾವ ಬಾಗಿಲಲ್ಲಿ ನಿಂತು ನೋಡಿ ಕುರ್ಚಿ ಎತ್ತಿಕೊಂಡು ಕಟ್ಟೆಗೆ ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಒಂದು ಸಲ ಎದ್ದುಹೋದವರನ್ನು ಇಷ್ಟು ತಿಂಗಳು ಬೆನ್ನು ಹತ್ತಿ ಒಳಗೆ ಕರೆತಂದಿದ್ದೆ. ಭಾನುವಾರವೂ ಹೀಗಾದರೆ ಅವರು ಮತ್ತೆ ಆ ಟಿವಿಯ ಮುಂದೆ ಕೂರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಚಿತ್ರದುರ್ಗಕ್ಕೆ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದೆ. ದರ್ಜಿಯಂತೆ ದರ್ಜಿ, ಮೂರು ಜುಬ್ಬಕ್ಕೇ ಸುಸ್ತಾಗಿ ಕೂತ ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಆಯ್ತಾ ಅಕ್ಕಾ? ಈಗ ಸೆಟ್ಟಿಂಗ್ ತೆಗೀರಿ. ಟ್ರಾನ್ಸ್‌ಕೋಡಿಂಗ್ ಅಂತ ಇರ್ತದೆ. ಹಾರ್ಡ್‌ವೇರ್ ಅನ್ನೋ ಕಡೆ ಟಿಕ್ ಐತಾ?"

ಇರಲಿಲ್ಲ. ಅಂಗಡಿಯಲ್ಲಿ ಅವರು ಹಾಕಿ ತೋರಿಸಿದ್ದರು, ಮನೆಯಲ್ಲಿ ಹೊಸದಾಗಿ ಜೋಡಿಸುವಾಗ ನಾನು ಮರೆತಿದ್ದೆ. ಊರವರ ಲಗ್ನಪತ್ರಿಕೆಯಲ್ಲಿ ಒಂದು ಚುಕ್ಕೆ ಬಿಡದವಳು ನಾನು.

"ಅಂದ್ರೆ ದರ್ಜೀನ ಕರ್ಕೊಂಡೋಗಿ ಮೂಲೇಲಿ ಕುಂಡ್ರಿಸಿ, ಆಳುಗಳ ಕೈಲಿ ಹೊಲಿಸಿದೀರಿ" ಎಂದರು. ಅವರು ಫೋನಿಟ್ಟ ಮೇಲೂ ಅವರ ನಗು ನನ್ನ ಕಿವಿಯಲ್ಲಿತ್ತು.

ಟಿಕ್ ಹಾಕಿದೆ. ಮೂರು ಓಡಿದವು, ನಾಲ್ಕು ಓಡಿದವು. ಆರನೆಯದು ಶುರುವಾದಾಗ ಶಿಕ್ಷಕಿಯರಲ್ಲೊಬ್ಬರು ಚಪ್ಪಾಳೆ ತಟ್ಟಿದರು. ನಾನು ಸರ್ವರಿನ ಪೆಟ್ಟಿಗೆಯ ಮೇಲೆ ಕೈಯಿಟ್ಟು ನೋಡಿದೆ, ಉಗುರುಬೆಚ್ಚಗಿತ್ತು. ಅಷ್ಟು ಸಂತೋಷ ನನಗೆ ಅಂಗಡಿಯ ಬೋರ್ಡು ಏರಿಸಿದ ದಿನವೂ ಆಗಿರಲಿಲ್ಲ.

ಭಾನುವಾರ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿ, ಹಣೆಗೆ ವಿಭೂತಿ ಹಚ್ಚಿ, ಮೂರೂವರೆಗೇ ಪಡಸಾಲೆಯ ನಡುವೆ ಕೂತರು. ಐದು ಊರಿನಲ್ಲೂ ಮಗಳೋ ಸೊಸೆಯೋ ನಾನು ಫೋನಿನಲ್ಲಿ ಹೇಳಿಕೊಟ್ಟಂತೆ ಟಿವಿ ಜೋಡಿಸಿದ್ದರು. ಪಕ್ಕದ ಮನೆಯವರು ಬಂದರು, ಶಿಕ್ಷಕಿಯರೂ ಬಂದರು. ಮಂಡಕ್ಕಿ ಕಲಸಿದ್ದು ಮುಗಿಯುವಷ್ಟು ಜನ. ನಾಲ್ಕಕ್ಕೆ ಸರಿಯಾಗಿ ಪರದೆ ಎದ್ದಿತು.

ಮಾವನ ಮೊದಲ ತಮಾಷೆಯ ಮಾತು ಬಂತು. ಮಾವ ಗಹಗಹಿಸಿ ನಕ್ಕರು. ನಾವು ಯಾರೂ ನಗಲಿಲ್ಲ. ಏನಾಯಿತೆಂದು ನಾನು ಗಾಬರಿಯಾಗುವಷ್ಟರಲ್ಲಿ ಟಿವಿಯಿಂದ ಆ ಮಾತು ಕೇಳಿಸಿತು, ಆಗ ನಾವು ನಕ್ಕೆವು. ನನ್ನ ತಪ್ಪು ನನಗೆ ಆಗ ಹೊಳೆಯಿತು. ಸಬ್‌ಟೈಟಲ್ ಬರೆಯುವವರು ಮಾತನ್ನು ತುಂಡು ತುಂಡು ಮಾಡಿ, ಆಡಿದಷ್ಟಷ್ಟೇ ತೋರಿಸುತ್ತಾರೆ. ನಾನು ಪತ್ರಿಕೆ ಟೈಪು ಮಾಡುವವಳು. ಒಬ್ಬರ ಮಾತು ಎಂದರೆ ಪೂರ್ತಿ ಒಂದೇ ಸಲಕ್ಕೆ, ಅವರು ಬಾಯಿ ತೆರೆಯುವ ಹೊತ್ತಿಗೇ ಕೂರಿಸಿಬಿಟ್ಟಿದ್ದೆ. ಕಿವಿ ಕೇಳುವ ನಾವು ಅಕ್ಷರ ಓದದೆ ಮಾತಿಗೆ ಕಾಯುತ್ತಿದ್ದೆವು, ಮಾವ ಆಗಲೇ ಓದಿ ಮುಗಿಸಿರುತ್ತಿದ್ದರು. ಗುರುವಾರ ನಾವೆಲ್ಲ ಚಿತ್ರ ನಿಲ್ಲುತ್ತದೋ ಇಲ್ಲವೋ ಎಂದಷ್ಟೇ ನೋಡಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

ಹಿರಿಯೂರಿನಿಂದ ಫೋನು ಬಂತು. "ಅಕ್ಕಾ, ಏನೋ ಹೆಚ್ಚುಕಮ್ಮಿ ಆಗೈತೆ. ನಮ್ಮಪ್ಪ ನಮಗಿಂತ ಮೊದ್ಲೇ ನಗ್ತಾವ್ರೆ." ಧರ್ಮಪುರದಿಂದಲೂ ಅದೇ ದೂರು. ನಾನು ಲ್ಯಾಪ್‌ಟಾಪು ಎಳೆದುಕೊಂಡೆ. ನಿಲ್ಲಿಸಿ, ಎಲ್ಲ ಸಾಲೂ ಎರಡು ಸೆಕೆಂಡು ತಡವಾಗಿ ಬರುವಂತೆ ಮಾಡಿದರೆ ಸರಿಹೋಗುತ್ತದೆ. ನನ್ನ ಗಂಡ ಲ್ಯಾಪ್‌ಟಾಪು ಮುಚ್ಚಿ ಅದರ ಮೇಲೆ ಕೈಯಿಟ್ಟರು.

"ಮುಟ್ಟಬೇಡ ಕಣೇ. ಅಪ್ಪನ್ನ ನೋಡು."

ನೋಡಿದೆ. ಕುರ್ಚಿಯ ತುದಿಗೆ ಬಂದು ಕೂತಿದ್ದರು. ಕಣ್ಣು ಪರದೆಯ ಮೇಲೆ, ನಮ್ಮ ಕಡೆ ತಿರುಗುತ್ತಲೇ ಇರಲಿಲ್ಲ. ಆಗ ಗೌಡರು ಆಳನ್ನು ಕೂಗುವ ದೃಶ್ಯ ಬಂತು. ಈ ದೃಶ್ಯದ ಎರಡು ಹಾಳೆ ಮಾತ್ರ ನಾನು ಪ್ರೂಫಿಗೆ ಕೊಟ್ಟಿರಲಿಲ್ಲ. ಅದು ಬರೆದ ಮಾತಲ್ಲ, ಮಾವ ಅವತ್ತು ರಂಗದ ಮೇಲೆ ಹುಟ್ಟಿಸಿದ್ದು, ಅವರಿಗೆ ಮರೆತೇಹೋಗಿತ್ತು. ಕೊಟ್ಟಿದ್ದರೆ ತಿದ್ದಿ ಕೆಡಿಸುತ್ತಿದ್ದರು.

ಗೌಡರು ಕೇಳುತ್ತಾರೆ, "ಲೇ, ಆಗ್ಲಿಂದ ಕೂಗ್ತಿದೀನಿ, ಕಿವಿ ಕೇಳಲ್ವೇನೋ ನಿಂಗೆ?" ರಂಗದ ಮೇಲಿನ ಮಾವ ಹೆಗಲ ಟವೆಲ್ಲು ಕೊಡವಿ, ಬಾಯಿ ತೆರೆಯುವ ಮೊದಲೇ ಕೆಳಗೆ ಅಕ್ಷರ ಮೂಡಿತು: "ಚೆನ್ನಾಗ್ ಕೇಳ್ತೈತೆ ಗೌಡ್ರೇ. ಕೆಲ್ಸ ಐತೆ ಬಾ ಅಂದ್ರೆ ಮಾತ್ರ ಕೇಳ್ಸಲ್ಲ. ಕೂಲಿ ಕೊಡ್ತೀನಿ ಬಾ ಅಂತ ಕೂಗಿ ನೋಡ್ರಿ, ಪಕ್ಕದೂರಲ್ಲಿದ್ರೂ ಓಡ್ಬರ್ತೀನಿ."

ಕುರ್ಚಿಯಲ್ಲಿದ್ದ ಮಾವ ತೊಡೆ ತಟ್ಟಿಕೊಂಡು ನಕ್ಕರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಟವೆಲ್ಲಿನಿಂದ ಒರೆಸಿಕೊಳ್ಳುತ್ತಾ ಸುತ್ತ ಕೂತಿದ್ದ ನಮ್ಮ ಕಡೆ ತಿರುಗಿದರು. ಒಬ್ಬರೂ ನಗದೆ ಅವರ ಮುಖವನ್ನೇ ನೋಡುತ್ತಿದ್ದೆವು.

"ಏನ್ರೋ, ನಿಮಗ್ಯಾರಿಗೂ ಕೇಳಿಸ್ಲಿಲ್ವೇನು?" ಎಂದರು.

ನಮಗೆ ಇನ್ನೂ ಕೇಳಿಸಿರಲಿಲ್ಲ.